ಕೋಚಿಗೊಂದು ಬಯೋಡೇಟಾ

ಶಾಲೆಯ ತರಬೇತುದಾರರು ಹೇಳಿದ್ದು ಇಷ್ಟೇ: ಅಮೆರಿಕದ ಕಾಲೇಜು ತಂಡ ಸೇರಬೇಕಾದರೆ ಅಲ್ಲಿನ ಕೋಚಿಗೆ ಹುಡುಗಿಯೇ ಬರೆಯಬೇಕು. ಯಾವ ಓಟ, ಎಷ್ಟು ಸೆಕೆಂಡು, ಒಂದು ವಿಡಿಯೋ. ಮೂರು ಸಾಲು ಸಾಕು.

ಆ ‘ಮೂರು ಸಾಲು ಸಾಕು’ ಕೀರ್ತಿರಾಜನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮಲೇಷ್ಯಾದ ಕ್ಲಾಂಗ್ ಬಂದರಿನ ಕಚೇರಿಯಲ್ಲಿ ಒಂದು ಕಂಟೇನರ್ ಹೊರಬೀಳಲು ಹನ್ನೊಂದು ಕಾಗದ ಬರೆಯುವ ಮನುಷ್ಯ ಅವನು. ಮಗಳು ಮೇಧಾ ಹರ್ಡಲ್ಸ್ ಓಟಗಾರ್ತಿ. ತಂಡದಲ್ಲಿ ಜಾಗ ಸಿಕ್ಕರೆ ಓದು, ಓಟ ಎರಡೂ ಅಲ್ಲೇ. ಸಿಗದಿದ್ದರೆ ಓಟ ಈ ವರ್ಷಕ್ಕೇ ಮುಗಿದಂತೆ. “ಬರೆದೆಯಾ?” ಎಂದು ಕೇಳಿದಾಗಲೆಲ್ಲ ಅವಳದು ಆ ನಾಡಿನ ‘ಲಾ’ ಬಾಲ ಸೇರಿಸಿದ ಒಂದೇ ಉತ್ತರ: “ರಿಲ್ಯಾಕ್ಸ್ ಲಾ, ಅಪ್ಪಾ.”

ಹೆಂಡತಿ ಗುಲಾಬಿ ಮೈಸೂರಿನ ತವರಿಗೆ ಹೋಗಿದ್ದಳು, ತಡೆಯುವವರು ಇರಲಿಲ್ಲ. ಶನಿವಾರ ಬೆಳಿಗ್ಗೆ ಮೇಧಾ ಮೈದಾನಕ್ಕೆ ಹೊರಟದ್ದೇ ತಡ, ತರಬೇತುದಾರರು ಕೊಟ್ಟಿದ್ದ ಅಮೆರಿಕದ ಕೋಚಿನ ಇ-ಮೇಲ್ ವಿಳಾಸ ಹಿಡಿದು ಕೀರ್ತಿರಾಜ ಲ್ಯಾಪ್‌ಟಾಪ್ ತೆರೆದ. ಮನೆಯ ಬಾಗಿಲೂ ತೆರೆದಿತ್ತು. ಸುಬಾಂಗ್ ಜಯಾದ ಆ ಅಪಾರ್ಟ್‌ಮೆಂಟಿನಲ್ಲಿ ತೆರೆದ ಬಾಗಿಲೆಂದರೆ ಆಮಂತ್ರಣ ಪತ್ರಿಕೆ.

ಮೊದಲು ಬಂದವರು ಎದುರುಮನೆಯ ವೇದವತಿ. ಉಡುಪಿಯವರು, ಮೆಲಾಕಾದಲ್ಲಿ ಮೆಡಿಕಲ್ ಕಾಲೇಜಿನ ಲೆಕ್ಚರರ್. ವಾರಾಂತ್ಯಕ್ಕೆ ಮನೆಗೆ ಬಂದರೆ ಅಕ್ಕಪಕ್ಕದವರೆಲ್ಲ ಅವರ ವಿದ್ಯಾರ್ಥಿಗಳೇ. ವಿಷಯ ಕೇಳಿದವರೇ ಪಾಠ ಶುರು ಮಾಡಿದರು.

“ಎಂತ ಮಾರಾಯ್ರೇ, ಮೂರು ಸಾಲಿಗೆ ಯಾರು ಸೀಟ್ ಕೊಡ್ತಾರೆ? ಮಾರ್ಕ್ಸ್ ಹಾಕಿ. ಎಲ್‌ಕೆಜಿಯಿಂದ ಹಾಕಿ.”

ಅವರ ಬೆನ್ನಿಗೇ ಮೇಲಿನ ಮನೆಯ ನಂಜುಂಡಪ್ಪ ಬಂದರು. ಕನ್ನಡ ಸಂಘದ ವಧೂವರರ ಪಟ್ಟಿ ನೋಡಿಕೊಳ್ಳುವವರು ಅವರೇ.

“ಸ್ವಾಮಿ, ನನ್ನ ಫಾರ್ಮ್ಯಾಟ್ ತಗೊಳಿ. ಎಷ್ಟೋ ಸಂಬಂಧ ಕುದುರಿಸಿದೆ.”

“ಇದು ಮದುವೆ ಅಲ್ಲ ನಂಜುಂಡಪ್ಪನವ್ರೇ, ಓಟ.”

“ಎರಡೂ ಒಂದೇ ರೀ. ಗೊತ್ತಿಲ್ಲದ ಊರಿಗೆ ಹುಡುಗೀನ ಕಳಿಸೋದು ತಾನೇ?”

ಹೀಗೆ ಇಂಗ್ಲಿಷಿನಲ್ಲಿ ಪತ್ರ ಬೆಳೆಯಿತು. ಎತ್ತರ, ಬಣ್ಣ, ತಾತನ ಉದ್ಯೋಗ, ‘ಸಾಧು ಸ್ವಭಾವ, ಅಡುಗೆ ಬಲ್ಲಳು’. ಎಷ್ಟು ಸೆಕೆಂಡಿನಲ್ಲಿ ಓಡುತ್ತಾಳೆಂಬುದು ಮಾತ್ರ ಮೂವರಿಗೂ ಗೊತ್ತಿರಲಿಲ್ಲ. ‘ತುಂಬ ಬೇಗ’ ಎಂದು ಬರೆದರು. ಹೆಣ್ಣುಮಗಳ ಬಗ್ಗೆ ಇಷ್ಟು ಕಡಿಮೆ ತಿಳಿದುಕೊಂಡು ಇಷ್ಟು ಉದ್ದ ಬರೆಯುವ ಧೈರ್ಯ ನಮ್ಮ ಹಿರಿಯರಿಗಲ್ಲದೆ ಇನ್ನಾರಿಗುಂಟು! ಗೌರಿ ಹಬ್ಬದಲ್ಲಿ ರೇಷ್ಮೆ ಸೀರೆ ಉಟ್ಟ ಫೋಟೋ ಒಂದನ್ನು ಲಗತ್ತಿಸಿ, ಮೂವರೂ ಕೈಮುಗಿದು, ಕಳಿಸಿಬಿಟ್ಟರು.

ಕಳಿಸಿದ ಮೇಲೆ ಕೀರ್ತಿರಾಜ ಅದನ್ನು ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬಂದಾಗ ದನಿ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು. ಫಾರ್ಮ್ಯಾಟಿನ ಬಾಲ ಹಾಗೇ ಉಳಿದಿತ್ತು: ‘ಆಸಕ್ತ ವರನ ಕಡೆಯವರು ಜಾತಕದೊಂದಿಗೆ ಸಂಪರ್ಕಿಸಿ.’

“ಅಯ್ಯೋ ದೇವ್ರೇ! ಆ ಕೋಚಿಗೆ ಎಷ್ಟು ವರ್ಷ?” ಎಂದರು ವೇದವತಿ.

“ಗಾಬರಿ ಬೇಡ,” ಎಂದ ನಂಜುಂಡಪ್ಪ ತಾವೇ ಒಂದು ತಿದ್ದುಪಡಿ ಟೈಪಿಸಿ ಒತ್ತಿಬಿಟ್ಟರು: ‘ಹಿಂದಿನ ಪತ್ರ ಸಂಬಂಧ, ಜಾತಕ ಬೇಕಾಗಿಲ್ಲ.’

ಜಾತಕವಿಲ್ಲದೆಯೂ ಹುಡುಗಿಯನ್ನು ಕೊಡಲು ಸಿದ್ಧ ಎಂದಾಯಿತು! ಕೀರ್ತಿರಾಜ ಇಬ್ಬರನ್ನೂ ಹೊರಗೆ ಸಾಗಹಾಕಿ, ಬೆವರು ಒರೆಸಿಕೊಳ್ಳುತ್ತ ಮೂರನೆಯದನ್ನು ಬರೆದ: ‘ಮಹಾಶಯರೇ, ಇವೆಲ್ಲ ಅವಳ ತಂದೆಯ ತಪ್ಪು. ದಯವಿಟ್ಟು ಅವಳಿಗೆ ಶಿಕ್ಷೆ ಕೊಡಬೇಡಿ.’ ಮಗಳ ಓಟಕ್ಕೆ ತಾನೇ ಅಡ್ಡ ಬಿದ್ದೆನಲ್ಲಾ ಎಂದು ಮಧ್ಯಾಹ್ನದ ಊಟವೂ ಇಳಿಯಲಿಲ್ಲ.

ಸಂಜೆ ಏಳಕ್ಕೆ ಉತ್ತರ ಬಂತು. ಮೇಧಾ ಬೀದಿ ಬದಿಯ ಮಾಮಕ್ ಹೋಟೆಲಿನಿಂದ ‘ತಪಾವ್’ ಎಂದು ಪೊಟ್ಟಣ ಕಟ್ಟಿಸಿ ತಂದ ನೂಡಲ್ಸ್ ತಿನ್ನುತ್ತಿದ್ದಳು. ಅವನು ಗಟ್ಟಿಯಾಗಿ ಓದಿದ:

‘ನಿಮ್ಮ ಮೂರೂ ಪತ್ರ ತಲುಪಿದವು. ನಿಮ್ಮ ಮಗಳು ಎರಡು ತಿಂಗಳ ಹಿಂದೆಯೇ ಬರೆದಿದ್ದಾರೆ. ಅವರಿಗೆ ತಂಡದಲ್ಲಿ ಜಾಗ ಕೊಟ್ಟಾಗಿದೆ. ತಂದೆಯಿಂದ ಪತ್ರ ಬಂದರೆ ಕಡೆಗಣಿಸಿ ಎಂದು ಅವರೇ ಕೋರಿದ್ದರು. ಆದರೆ ಮೂರನೆಯದನ್ನು ಓದಿ ಸುಮ್ಮನಿರಲಾಗಲಿಲ್ಲ.’

“ಮೇಧಾ! ನಿಂಗೆ ಸಿಕ್ಕಿದೆಯಾ?”

“ಯೆಸ್ ಲಾ. ಅಮ್ಮನಿಗೆ ಗೊತ್ತು.”

“ಮತ್ತೆ ನನಗೆ?”

“ನಿಮಗೆ ಹೇಳಿದ್ರೆ ಹೋಲ್ ಬ್ಲಾಕ್‌ಗೆ ಗೊತ್ತಾಗುತ್ತೆ, ಅಪ್ಪಾ!”

ಕೋಪ ಬರಬೇಕಿತ್ತು, ಬಂದದ್ದು ಕಣ್ಣೀರು, ಜೊತೆಗೆ ನಗು. ಅವಳ ತಟ್ಟೆಯಿಂದಲೇ ಒಂದು ತುತ್ತು ನೂಡಲ್ಸ್ ಎತ್ತಿ ಬಾಯಿಗಿಟ್ಟುಕೊಂಡ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ವೇದವತಿ, ಅವರ ಹಿಂದೆ ಈಜು ಕಲಿಯುವ ಮಗ ಸುಜಿತ್. ನಂಜುಂಡಪ್ಪ, ಅವರ ಹಿಂದೆ ಶಟಲ್ ಆಡುವ ಮಗಳು ಅನನ್ಯ. ಗೋಡೆಗಳಿಗೂ ಕಿವಿ ಇದ್ದ ಅಪಾರ್ಟ್‌ಮೆಂಟ್ ಅದು.

“ಸೀಟ್ ಸಿಕ್ತಂತೆ! ಆ ಪತ್ರ ನಮಗೂ ಕೊಡಿ ಮಾರಾಯ್ರೇ.”

“ಆ ಪತ್ರದಿಂದಲ್ಲಮ್ಮ! ಮಗಳೇ ಬರೆದದ್ದು. ಮಕ್ಕಳೇ ಬರೀಬೇಕು. ಮೂರು ಸಾಲು ಸಾಕು.”

ಇಬ್ಬರೂ ಮುಖ ಮುಖ ನೋಡಿಕೊಂಡರು. ನಂಜುಂಡಪ್ಪ ಅನನ್ಯಳ ಕೈಹಿಡಿದು ಮೆಟ್ಟಿಲತ್ತ ತಿರುಗಿದರು.

“ನಡಿ ಮಗಳೇ. ಕೆಲಸ ಆದ್ಮೇಲೆ ಜನ ಗುಟ್ಟು ಬಿಟ್ಕೊಡಲ್ಲ.”