ಮುಟ್ಟುಗೋಲಾದ ಗಡ್ಡ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಕ್ಷೌರಿಕನ ಹೆಂಡತಿ ಉಣ್ಣುವ ಮೊದಲೇ ಗಡಿ ದಾಟಿ ತವರಿಗೆ ಹೋಗಿಬಿಟ್ಟಳು. ಮರುದಿನವೇ ಎರಡು ದೇಶಗಳೂ ಮುನಿಸಿಕೊಂಡು ಗೇಟು ಮುಚ್ಚಿದವು. ಫೋನೂ ಬಂದ್. ಮೂರನೇ ದೇಶ ಸುತ್ತಿ ಹೋಗುವ ಕಾಗದದಲ್ಲಿ ಅವನು, "ನೀನು ಬರೋವರೆಗೂ ಗಡ್ಡ ತೆಗೆಯಲ್ಲ" ಎಂದು ಬರೆದ. "ಆ ಗಡ್ಡ ಕಣ್ಣಾರೆ ನೋಡಿದ್ರೆ ಮಾತ್ರ ನಿಮ್ಮ ಜೊತೆ ಬರ್ತೀನಿ" ಎಂದು ಉತ್ತರ ಬಂತು.

ಒಂದೂವರೆ ವರ್ಷದ ಮೇಲೆ ಒಂದೇ ಒಂದು ದಿನ, ಸಂಜೆ ಐದರವರೆಗೆ, ಗೇಟು ತೆರೆಯಿತು. ಎದೆ ಮುಟ್ಟುವ ಗಡ್ಡ ಬಾಚಿಕೊಂಡು ಕ್ಷೌರಿಕ ಬೆಳಗ್ಗೆಯೇ ಸಾಲಿನಲ್ಲಿ ನಿಂತ.

ಪಾಸ್‌ಪೋರ್ಟ್ ನೋಡಿದ ಅಧಿಕಾರಿ ಹುಬ್ಬೇರಿಸಿದ. "ಫೋಟೋದಲ್ಲಿ ಮುಖ ಇದೆ. ಇಲ್ಲಿ ಬರೀ ಗಡ್ಡ ಇದೆ. ಬೋಳಿಸ್ಕೊಂಡು ಬಾ."

"ಸ್ವಾಮಿ, ಇದನ್ನ ನೋಡೋಕೇ ಹೆಂಡತಿ ಕಾಯ್ತಿದ್ದಾಳೆ!"

"ಮುಂದಿನವರು ಬನ್ನಿ."

ಸಾಲಿನವರೆಲ್ಲ ಸಲಹೆಗಾರರಾದರು. "ಅರ್ಧ ಬೋಳಿಸ್ಕೋ. ಅರ್ಧ ದೇಶಕ್ಕೆ, ಅರ್ಧ ಹೆಂಡತಿಗೆ" ಎಂದ ಟೈಲರ್. ನಿವೃತ್ತ ಮೇಷ್ಟರು, "ಪೂರ್ತಿ ತೆಗೆಸಿ ಪೊಟ್ಟಣ ಕಟ್ಕೊಂಡು ಹೋಗಪ್ಪ. ಅವಳು ಕಣ್ಣಾರೆ ನೋಡಿದ ಹಾಗೂ ಆಗತ್ತೆ" ಎಂದರು. ಮಾತು ಸರಿಯೆನಿಸಿತು. ಕತ್ತಿ ಮನೆಯಲ್ಲಿತ್ತು. ವಿಧಿಯಿಲ್ಲದೆ, ಗೇಟಿನ ಪಕ್ಕ ಮರದಡಿ ಅಂಗಡಿ ಇಟ್ಟಿದ್ದ ತನ್ನ ಪ್ರತಿಸ್ಪರ್ಧಿಯ ಮುಂದೆಯೇ ಕತ್ತೊಡ್ಡಿ ಕುಳಿತ. ಆ ಮಹಾಶಯ ಮೂರು ಕಡೆ ಗೀರಿ ಹಳೇ ಸೇಡನ್ನೆಲ್ಲ ತೀರಿಸಿಕೊಂಡ.

ಮುಂದಿನ ಮೇಜಿನ ಸುಂಕದವನು ಪೊಟ್ಟಣ ಬಿಚ್ಚಿದ. "ಕೂದಲಾ? ಆ ದೇಶಕ್ಕೆ ಕೂದಲು ರಫ್ತು ಬಂದ್ ಆಗಿದೆ."

"ವ್ಯಾಪಾರಕ್ಕಲ್ಲ ಸ್ವಾಮಿ, ನನ್ನದೇ ಗಡ್ಡ!"

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೋ ಅದೇ ಆಯಿತು. ಅವನು ಗಡ್ಡವನ್ನು ತೂಗಿ, ಮೊಹರು ಒತ್ತಿ, ರಸೀದಿ ಹರಿದು ಕೊಟ್ಟ: "ಮನುಷ್ಯನ ಗಡ್ಡ, ಒಂದು. ಮುಟ್ಟುಗೋಲು."

ಆಚೆ ಕಡೆ ಅಮ್ಮನೊಂದಿಗೆ, ಟ್ರಂಕು ಹಿಡಿದು ಕಾಯುತ್ತಿದ್ದ ಹೆಂಡತಿ ಅವನ ನುಣ್ಣನೆಯ ಗಲ್ಲ ನೋಡಿ ಮುಖ ತಿರುಗಿಸಿದಳು. ಅವನು ರಸೀದಿ ಚಾಚಿದ. ಅವಳು ಎರಡು ಸಲ ಓದಿದಳು, ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ನಡೀರಿ, ಮನೆಗೆ ಹೋಗೋಣ." ಅವನಿಗೆ ಹೋದ ಜೀವ ಬಂದಂತಾಯಿತು.

ಸಾಲುಗಳಲ್ಲೇ ದಿನ ಕಳೆದು, ಐದಕ್ಕೆ ಹತ್ತೇ ನಿಮಿಷವಿತ್ತು. ಹೆಂಗಸರ ಸಾಲು ಚಿಕ್ಕದು, ಅವಳು ಸರಸರ ದಾಟಿದಳು. ಗಂಡಸರ ಸಾಲಿನಲ್ಲಿ ಅವನ ಮುಂದೆ ಒಬ್ಬನೇ ಉಳಿದಿದ್ದಾಗ ಗಂಟೆ ಹೊಡೆದು ಗೇಟು ಮುಚ್ಚಿತು.

"ರೀ, ಮನೆ ಬೀಗದ ಕೈ ಎಲ್ಲಿ?" ಹೆಂಡತಿ ಗೇಟಿನ ನಮ್ಮ ಕಡೆಯಿಂದ ಕೂಗಿದಳು.

ಅದು ಅವನ ಜೇಬಿನಲ್ಲಿತ್ತು. ಎಸೆಯಲು ಕೈಯೆತ್ತಿದ.

"ಏಯ್, ಕಬ್ಬಿಣ ರಫ್ತೂ ಬಂದ್!" ಕಾವಲುಗಾರ ಗದರಿದ.

"ಈ ಮನುಷ್ಯನ ಜೊತೆ ಬಾಳೋಕಾಗಲ್ಲ. ನಾನು ತವರಿಗೆ ಹೊರಟೆ!" ಎಂದು ಹೆಂಡತಿ ಸಿಟ್ಟಿನಿಂದ ಟ್ರಂಕು ಎತ್ತಿಕೊಂಡಳು.

ಗೇಟಿನ ಇನ್ನೊಂದು ಬದಿಯಲ್ಲಿ ಅತ್ತೆ, ಅಳಿಯನ ಕೈ ಹಿಡಿದು ಅದೇ ತವರಿನತ್ತ ಎಳೆದೊಯ್ಯುತ್ತಿದ್ದರು.