ಮೂರನೆಯ ಸಲ ಯಾರೂ ಕೇಳಲಿಲ್ಲ

ರಾಷ್ಟ್ರಪತಿಗಳು ಹುಬ್ಬಳ್ಳಿಗೆ ಬಂದಾಗ ಏರ್ಪಡಿಸಿದ್ದ ಚಹಾಕೂಟಕ್ಕೆ ನಾನೂ ಹೋಗಿದ್ದೆ. ಇಷ್ಟು ಓದಿ ನನ್ನ ಮೇಲೆ ಗೌರವ ಹುಟ್ಟುವ ಮೊದಲೇ ನಿಜ ಹೇಳಿಬಿಡುತ್ತೇನೆ. ಆಮಂತ್ರಣ ಬಂದದ್ದು ನನ್ನ ಹೆಂಡತಿ ಶಾಂತಾಳಿಗೆ. ಪತ್ರದಲ್ಲಿ ನನ್ನ ಹೆಸರೂ ಇರಲಿಲ್ಲ. 'ಮತ್ತು ಪತಿ' ಎಂದಷ್ಟೇ ಇತ್ತು.

ಶಾಂತಾ ಹುಬ್ಬಳ್ಳಿ ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಆ ಹಳ್ಳಿಯ ಅರ್ಧ ಮಂದಿಯನ್ನು ಹುಟ್ಟಿದಾಗ ಮೊದಲು ಕೈಯಲ್ಲಿ ಹಿಡಿದವಳು ಅವಳೇ. ನಾನು ಹೈಸ್ಕೂಲಿನ ನಿವೃತ್ತ ಹಿಂದಿ ಮಾಸ್ತರ. ನಾನು ಹಿಡಿದದ್ದು ಬರೀ ಹುಡುಗರ ಕಿವಿ.

"ನಂಗ ಅವರಿಗೆ ಒಂದ ಮಾತು ಹೇಳೂದೈತ್ರಿ" ಎಂದಳು ಶಾಂತಾ. "ನಮ್ಮ ಉಪಕೇಂದ್ರದಾಗ ಬಾಣಂತ್ಯಾರಿಗೆ ಇನ್ನೂ ಬಿಸಿನೀರಿಲ್ಲ. ಬಾಜೂ ಮನಿಯಿಂದ ಕೊಡದಾಗ ತರ್ತಾರ. ಒಂದು ಸೋಲಾರ್ ಹೀಟರ್ ಹಾಕಸ್ರಿ ಅಂತ ಕೇಳತೇನಿ. ಅಷ್ಟ."

"ಅವರಿಗೆ ನಿನ್ನ ಕನ್ನಡ ತಿಳೀತೈತೇನು? ನೀ ಸುಮ್ನ ನಿಂದ್ರು. ನಾ ಹಿಂದ್ಯಾಗ ಹೇಳತೇನಿ" ಎಂದೆ. ಎಂಟು ದಿನ ಕನ್ನಡಿಯ ಮುಂದೆ ನಿಂತು ಶುದ್ಧ ಹಿಂದಿಯಲ್ಲಿ ಬಿಸಿನೀರು ಬೇಡಿದೆ. ಕನ್ನಡಿಗೆ ಕಣ್ಣೀರು ಬರುವುದೊಂದು ಬಾಕಿ!

ಈಗ ಧಾರವಾಡದ ನಮ್ಮ ಓಣಿ ಮಾಳಮಡ್ಡಿಯ ಒಂದು ರೀತಿ ಹೇಳಬೇಕು. ಯಾರ ಮನೆಗೇ ಹೋಗಲಿ, ಏನೇ ಕೊಡಲಿ, ಮೊದಲ ಸಲ "ಬ್ಯಾಡ್ರಿ" ಎನ್ನಬೇಕು. ಅವರು ಮತ್ತೆ ಕೇಳಿದರೆ "ಈಗಷ್ಟ ಆಗೇತ್ರಿ" ಎನ್ನಬೇಕು. ಮೂರನೆಯ ಸಲ ಕೇಳಿದಾಗ "ಇಷ್ಟು ಒತ್ತಾಯ ಮಾಡ್ತೀರಂತ" ಎನ್ನುತ್ತ ತಾಟು ಮುಂದೆ ಚಾಚಬೇಕು. ಒಂದೇ ಮಾತಿಗೆ ತಿಂದವನು ಹೊಟ್ಟೆಬಾಕ ಎನಿಸಿಕೊಳ್ಳುತ್ತಾನೆ. ಅರವತ್ನಾಲ್ಕು ವರ್ಷ ನಾನು ಈ ನಿಯಮದಿಂದ ಒಮ್ಮೆಯೂ ಉಪವಾಸ ಬಿದ್ದಿರಲಿಲ್ಲ.

ಎರಡು ದಿನ ಮೊದಲು ಸರಕಾರಿ ಕಚೇರಿಯಿಂದ ಫೋನು ಬಂತು. ಒಬ್ಬ ಯುವತಿಯ ಧ್ವನಿ.

"ಸರ್, ಮೇಡಮ್ಮಾರ ಮಾತು ಹಿಂದ್ಯಾಗ ಹೇಳಾಕ ಒಬ್ಬರನ್ನ ಕೊಡೂಣೇನ್ರಿ?"

"ಬ್ಯಾಡ್ರಿ, ನಾನ ಇದ್ದೇನಲ್ರಿ!"

"ಆತ್ರಿ. ಮನೀಗೆ ಕಾರ್ ಕಳಸೂಣೇನ್ರಿ?"

"ಛೇ ಛೇ, ನಿಮಗ್ಯಾಕ ತ್ರಾಸು?"

"ಆತ್ರಿ ಸರ್." ಫೋನು ಕಟ್!

ನಾನು ಫೋನನ್ನೇ ನೋಡುತ್ತ ಕುಳಿತೆ. ಎರಡನೆಯ ಸಲ ಕೇಳಬೇಕಲ್ಲ? ಶಾಂತಾ ಬಸ್ಸಿನ ವೇಳೆ ನೋಡತೊಡಗಿದಳು.

ಆ ದಿನ ಮುಂಜಾನೆ ಅವಳು ಎರಡು ರೊಟ್ಟಿ ತಿಂದಳು. ನನಗೂ ಬಡಿಸಲು ಬಂದಳು. "ರಾಷ್ಟ್ರಪತಿಗಳು ಕರದಾಗ ಹೊಟ್ಟಿ ತುಂಬಿಸ್ಕೊಂಡು ಹೋಗೂದು ಅವರಿಗೆ ಅಪಮಾನ" ಎಂದು ಗಂಭೀರವಾಗಿ ಘೋಷಿಸಿದೆ. ಧಾರವಾಡದಿಂದ ಬಸ್ಸು. ಬಸ್ಸಿಳಿದು ಆಟೋ. ಪೊಲೀಸರು ಆಟೋವನ್ನು ದೂರದಲ್ಲೇ ತಡೆದರು. ಉಳಿದ ದಾರಿ ಕಾಲ್ನಡಿಗೆ, ಬಿಸಿಲಲ್ಲಿ, ಮಗಳ ಮದುವೆಗೆ ಹೊಲಿಸಿದ್ದ ಬಿಗಿ ಕೋಟಿನಲ್ಲಿ. ನಮ್ಮ ಪಕ್ಕದಲ್ಲೇ ಕಾರುಗಳು ಒಳಗೆ ಹೋಗುತ್ತಿದ್ದವು. "ಅದರಾಗ ಒಂದು ನಮ್ಮದಿತ್ತು ನೋಡ್ರಿ" ಎಂದಳು ಶಾಂತಾ.

ಮೂರು ತಾಸು ಮೊದಲೇ ಬಂದು ನಿಲ್ಲಬೇಕೆಂಬುದು ನಿಯಮ. ಸಭಾಂಗಣದಲ್ಲಿ ಕುರ್ಚಿಗಳು ಕಡಿಮೆ. ಫೋನು ಮಾಡಿದ್ದ ಆ ಯುವತಿಯೇ ಎದುರು ಬಂದಳು. "ಕೂಡ್ರಿ ಮೇಡಂ, ಕೂಡ್ರಿ ಸರ್" ಎಂದು ಎರಡು ಕುರ್ಚಿ ತೋರಿಸಿದಳು. ಶಾಂತಾ ಧಡಕ್ಕನೆ ಕುಳಿತಳು. ನಾನು "ಇರಲಿ ಬಿಡ್ರಿ" ಎಂದೆ. ಮುಗಿಯಿತು! ನನ್ನ ಕುರ್ಚಿಯಲ್ಲಿ ಯಾರೋ ಕುಸ್ತಿ ಪೈಲ್ವಾನರು ಬಂದು ಕುಳಿತರು. ಅವರನ್ನು ಎಬ್ಬಿಸುವ ಧೈರ್ಯ ನನಗಿರಲಿಲ್ಲ.

ಕಾಲು ಬಾತವು. ಸೊಂಟ ಸೋತಿತು. ದಣಿದು ದಣಿದು ನಾನು ಗೋಡೆಗೆ ಆನಿಸಿಟ್ಟ ಕೋಲಿನಂತೆ ನಿಂತಿದ್ದೆ. ಆಗ ಬಿಳಿ ಕೈಗವಸಿನ ಬಡಿಸುವವನು ಬಂದ. ತಾಟಿನಲ್ಲಿ ಬಿಸಿ ಬಿಸಿ ಸಮೋಸಾ. ಬಾಯಲ್ಲಿ ನೀರೂರಿತು. ಆದರೂ ಸಂಸ್ಕಾರ ಬಿಡಲಾದೀತೇ? ಹಿಂದಿಯಲ್ಲಿ ಬೇಡ ಎಂದೆ. ಅವನು ತಲೆಬಾಗಿ ಹೊರಟೇ ಹೋದ.

"ತಗೋರಿ ಅಂತೇನಿ. ಇಲ್ಲಿ ಯಾರೂ ಒತ್ತಾಯ ಮಾಡೂದಿಲ್ಲ" ಎಂದಳು ಶಾಂತಾ, ಸಮೋಸಾ ತಿನ್ನುತ್ತ.

"ತಡಿ, ಮತ್ತ ಬರ್ತಾನ."

ಅವನು ಬರಲಿಲ್ಲ. ಇನ್ನೆರಡು ಸಲ ಕೇಳಲು ಅವನಿಗೆ ಅವಕಾಶವಾಗಲಿ ಎಂದು ನಾನೇ ಅವನ ಹಿಂದೆ ಹಿಂದೆ ನಡೆದೆ. ಅವನು ನಿಂತಲ್ಲಿ ನಿಂತೆ, ತಿರುಗಿದಲ್ಲಿ ತಿರುಗಿದೆ. ಕೊನೆಗೆ ಅವನು ನನ್ನ ಮುಖದ ಸಂಕಟ ನೋಡಿ, ಕನಿಕರಪಟ್ಟು, ಮೃದುವಾಗಿ ಶೌಚಾಲಯದ ದಾರಿ ತೋರಿಸಿದ. ಬೇಡ ಎನ್ನಲು ನಾಚಿಕೆಯಾಗಿ ಅಲ್ಲಿಗೂ ಹೋಗಿಬಂದೆ!

ಹೊರಬಂದಾಗ ಬಾಗಿಲಲ್ಲೇ ಇನ್ನೊಂದು ತಾಟು ಹಾಯ್ದುಹೋಗುತ್ತಿತ್ತು. ಉಳಿದದ್ದು ಎರಡೇ ಸಮೋಸಾ. ಅರವತ್ನಾಲ್ಕು ವರ್ಷದ ಸಂಸ್ಕಾರ ಅಲ್ಲೇ ಸತ್ತಿತು. ಒಂದನ್ನು ಕೈಯಲ್ಲಿ ಹಿಡಿದೆ. ಇನ್ನೊಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಶಾಂತಾಳ ಪಕ್ಕ ಬಂದು ನಿಂತೆ.

ಕುಳಿತವರೆಲ್ಲ ಒಮ್ಮೆಲೇ ಎದ್ದು ನಿಂತರು. ತಲೆ ಎತ್ತಿದರೆ ಎದುರಿಗೆ ರಾಷ್ಟ್ರಪತಿಗಳು!

ಅವರು ಶಾಂತಾಳಿಗೆ ಕೈಮುಗಿದು, ಹೇಗಿದ್ದೀರಿ, ಏನು ಹೇಳಬೇಕೆಂದಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಶಾಂತಾ ನನ್ನತ್ತ ನೋಡಿದಳು. ಬಾಯೊಳಗೆ ಆಲೂಗಡ್ಡೆ ಕೆಂಡವಾಗಿತ್ತು. ನುಂಗಲಾರೆ, ಉಗುಳಲಾರೆ. ಮೂವತ್ತು ವರ್ಷದ ಹಿಂದಿ, ಎಂಟು ದಿನದ ತಾಲೀಮು, ಎಲ್ಲ ಸೇರಿ ಹೊರಬಂದದ್ದು ಒಂದೇ ಅಕ್ಷರ.

"ಹ್ಹೂಂ."

ಶಾಂತಾಳ ಮುಖ ಇಳಿದುಹೋಯಿತು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಒಂದೇ ಒಂದು ಮಾತು ಹೇಳಲು ಬಂದಿದ್ದಳು, ಅದನ್ನೂ ನಾನು ತಿಂದುಹಾಕಿದ್ದೆ.

ಆದರೆ ಅವಳು ಕಾಯುತ್ತ ನಿಲ್ಲುವವಳಲ್ಲ. ಎರಡೂ ಕೈ ಜೋಡಿಸಿ ಕೂಸನ್ನು ಎತ್ತಿಕೊಂಡಂತೆ ತೋರಿಸಿದಳು. ಕೊಡ ಹೊತ್ತಂತೆ ತೋರಿಸಿದಳು. ತಣ್ಣೀರು ಸುರಿದುಕೊಂಡವರಂತೆ ಗಡಗಡ ನಡುಗಿದಳು. "ಬಾಣಂತ್ಯಾರಿಗೆ ಬಿಸಿನೀರು ಬೇಕ್ರಿ. ನನಗಲ್ರಿ" ಎಂದಳು, ಅಚ್ಚ ಧಾರವಾಡ ಕನ್ನಡದಲ್ಲಿ. ಆ ಯುವತಿ ಓಡಿಬಂದು ಉಳಿದದ್ದನ್ನು ಹಿಂದಿಯಲ್ಲಿ ಹೇಳಿದಳು. ರಾಷ್ಟ್ರಪತಿಗಳು ಶಾಂತಾಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಕೇಳಿದರು.

ಆಮೇಲೆ ನನ್ನ ಕಡೆ ತಿರುಗಿ, ಇನ್ನೇನಾದರೂ ತೆಗೆದುಕೊಳ್ಳುತ್ತೀರಾ ಎಂದು ನಗುತ್ತ ಕೇಳಿದರು. ಅಷ್ಟರಲ್ಲಿ ನನ್ನ ಬಾಯಿ ಖಾಲಿಯಾಗಿತ್ತು. ಹಿಂದಿ ಸ್ಪಷ್ಟವಾಗಿ, ವ್ಯಾಕರಣಬದ್ಧವಾಗಿ ಬಂತು.

"ಜೀ ನಹೀಂ, ಧನ್ಯವಾದ್."

ಅವರೂ ಎರಡನೆಯ ಸಲ ಕೇಳಲಿಲ್ಲ.

ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆವು. ಕೋಟು ಕಳಚಿ ನೆಲಕ್ಕೆ ಬಿದ್ದೆ. "ಊಟಕ್ಕ ಹಾಕ್ಲೇನ್ರಿ?" ಎಂದಳು ಶಾಂತಾ. ಅವಳೂ ದಣಿದಿದ್ದಳು. "ಇರಲಿ ಬಿಡು" ಎಂದೆ. "ಆತ್ರಿ" ಎಂದು ಅಡುಗೆಮನೆಯ ದೀಪ ಆರಿಸಿದಳು!

ಕೆಲವು ತಿಂಗಳಲ್ಲಿ ಉಪಕೇಂದ್ರದ ಮಾಳಿಗೆಯ ಮೇಲೆ ಹೀಟರ್ ಬಂತು. ಅಲ್ಲಿಯ ಗೋಡೆಗೆ ಆ ದಿನದ ಫೋಟೋ ಹಾಕಿದ್ದಾರೆ. ಶಾಂತಾ, ಅವಳ ಕೈ ಹಿಡಿದ ರಾಷ್ಟ್ರಪತಿಗಳು, ಮತ್ತು ಅಂಚಿನಲ್ಲಿ ಕೆನ್ನೆ ಉಬ್ಬಿದ ಒಬ್ಬ ಮನುಷ್ಯ. ಮೊನ್ನೆ ನಾವಿಬ್ಬರೂ ಅಲ್ಲಿಗೆ ಹೋದಾಗ ಎಳೆಗೂಸನ್ನು ಎತ್ತಿಕೊಂಡ ಒಬ್ಬ ಅಜ್ಜಿ ಅದನ್ನು ನೋಡಿ, ನಾನು ಅಲ್ಲೇ ನಿಂತಿದ್ದರೂ ಗುರುತಿಸದೆ, ಶಾಂತಾಳನ್ನು ಕೇಳಿದಳು.

"ನರ್ಸಬಾಯಾರ, ಈ ಹಲ್ಲುಬ್ಯಾನಿಯವರು ಯಾರ್ರಿ?"

"ಅವರಾ?" ಎಂದಳು ಶಾಂತಾ. "ಅವರು 'ಮತ್ತು ಪತಿ'."