ಬಿಸಿಲಿಗೆ ಹೋಗಬೇಡಿ ಎಂದದ್ದೇ ತಪ್ಪಾಯಿತು

ಎಪ್ಪತ್ತು ಎಂಬತ್ತರ ದಶಕವನ್ನೆಲ್ಲ ನಾನು ಚರ್ಮದ ಡಾಕ್ಟರನಾಗಿ ಕಳೆದೆ. ಸೋಮವಾರ ದೇವದುರ್ಗ, ಗುರುವಾರ ಮಾನ್ವಿ, ಉಳಿದ ದಿನ ರಾಯಚೂರಿನ ಆಸ್ಪತ್ರೆ. ಮೂರು ಕಡೆಯೂ ಹೇಳುತ್ತಿದ್ದುದು ಒಂದೇ ಮಾತು: ಬಿಸಿಲಿನಿಂದ ಮೈ ಕಾಪಾಡಿಕೊಳ್ಳಿ. ನನ್ನ ಮಾತು ಕೇಳದವರಿಂದ ಅಷ್ಟೇನೂ ತ್ರಾಸವಾಗಲಿಲ್ಲ. ಕೇಳಿದವರಿಂದಲೇ ತಲೆ ಕೆಟ್ಟುಹೋಯಿತು.

೧. ಒಂದೇ ತೋಳು

ದೇವದುರ್ಗದಲ್ಲಿ ಒಬ್ಬ ಬಸ್ ಡ್ರೈವರ್ ಕೈ ತೋರಿಸಲು ಬಂದ. ಬಲಗೈ ಕಪ್ಪಿಟ್ಟು, ಒರಟಾಗಿ, ಚುಕ್ಕೆ ಚುಕ್ಕೆಯಾಗಿತ್ತು.

"ಎಡಗೈಗೆ ಏನೂ ಆಗಿಲ್ಲ ನೋಡು. ಬಸ್ಸಿನ ಕಿಟಕ್ಯಾಗ ಬರೋ ಬಿಸಿಲು ಭಾಳ ಕೆಟ್ಟದ್ದಪಾ, ಅದು ಬಿದ್ದೂ ಬಿದ್ದೂ ಈ ಕೈ ಹಿಂಗಾಗೇದ. ತುಂಬುತೋಳಿನ ಅಂಗಿ ಹಾಕ್ಕೋ," ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಉಪದೇಶ ಮಾಡಿದೆ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಕುರಿ ಕಾಯುವ ಮುದುಕನೊಬ್ಬ ತಲೆಯಾಡಿಸುತ್ತ ಕೇಳುತ್ತಿದ್ದ. ಒಬ್ಬನಾದರೂ ಮನಸ್ಸಿಟ್ಟು ಕೇಳಿದನಲ್ಲ ಎಂದು ಖುಷಿಪಟ್ಟೆ.

ಮುಂದಿನ ವಾರ ಅದೇ ಡ್ರೈವರನ ಬಸ್ಸು ಹತ್ತಿದೆ. ಅವನ ಖಾಕಿ ಅಂಗಿಗೆ ಬಲಗಡೆ ತುಂಬುತೋಳು, ಎಡಗಡೆ ಅರ್ಧತೋಳು.

"ಇದೇನಪಾ ಇದು?"

"ಎಡಗೈಗೆ ಏನೂ ಆಗಿಲ್ಲಂತ ನೀವ ಹೇಳಿದ್ರೆಲ್ರೀ. ಸುಮ್ಮನ ಅದಕ್ಕ್ಯಾಕ ಸೆಕಿ ಮಾಡ್ಲಿ?"

೨. ಛತ್ರಿ

ಮಾನ್ವಿ ಸಂತೆಯಲ್ಲಿ ವೀಳ್ಯದೆಲೆ ಮಾರುವ ಹೆಂಗಸಿಗೆ ಎರಡೂ ಕೆನ್ನೆಯ ಮೇಲೆ ಕಂದು ಬಣ್ಣದ ಬಂಗು. ಮುಲಾಮು ಬರೆದುಕೊಟ್ಟು, "ಇದು ಅರ್ಧ ಕೆಲಸ ಮಾಡ್ತದವ್ವಾ. ಇನ್ನರ್ಧ ನೆರಳು ಮಾಡ್ತದ. ಒಂದು ಛತ್ರಿ ತಗೋ," ಎಂದೆ.

ಎರಡು ವಾರ ಬಿಟ್ಟು ಸಂತೆಗೆ ಹೋಗಿ ನೋಡಿದೆ. ಹೊಸ ಛತ್ರಿ ಎಲೆಯ ಬುಟ್ಟಿಯ ಮೇಲೆ ನಿಂತಿತ್ತು. ಈಕೆ ಪಕ್ಕದಲ್ಲಿ ಉರಿಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಛತ್ರಿ ನಿನಗ ಹೇಳಿದ್ದು, ಬುಟ್ಟಿಗಲ್ಲ."

"ಎಲಿ ಬಾಡಿದ್ರ ಗಿರಾಕಿ ವಾಪಸ್ ಹೋಗ್ತಾರ, ಡಾಕ್ಟರ್ ಸಾಬ್. ನನ್ನ ಮಾರಿ ನೋಡಿ ಇಲ್ಲೀತನ ಯಾರೂ ವಾಪಸ್ ಹೋಗಿಲ್ಲ."

೩. ಮುದುಕನ ಕಿವಿ

ಬೆಂಚಿನ ಮೇಲಿದ್ದ ಕುರಿ ಕಾಯುವ ಮುದುಕನ ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ಅವನ ಕಿವಿಯ ಅಂಚಿನಲ್ಲಿ ಒಂದು ಹುಣ್ಣು. ಹಕ್ಕಳೆ ಉದುರುವುದು, ಮತ್ತೆ ಕಟ್ಟುವುದು, ಆರು ತಿಂಗಳಿಂದ ಮಾಯ್ದಿರಲಿಲ್ಲ. ಜೀವಮಾನವೆಲ್ಲ ಬಿಸಿಲು ತಿಂದ ಚರ್ಮದಲ್ಲಿ ಇಂಥ ಹುಣ್ಣು ಕ್ಯಾನ್ಸರ್ ಆಗಬಹುದು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಯಪ್ಪಾ, ರುಮಾಲು ಕಿವಿ ಮ್ಯಾಲ ಇಳಿಸಿ ಕಟ್ಟು."

"ಕಿವಿ ಮುಚ್ಚಿದ್ರ ಕುರಿ ಸಪ್ಪಳ ಹೆಂಗ ಕೇಳ್ತದ್ರೀ?"

"ಹಂಗಾದ್ರ ರಾಯಚೂರಿಗೆ ಬಾ. ಹುಣ್ಣು ಕೊಯ್ದು ತೆಗಿಬೇಕು."

"ಕುರಿ ಯಾರ್ ಕಾಯ್ತಾರ್ರೀ?"

ಹೀಗೇ ನಾಲ್ಕು ಸೋಮವಾರ ಕಳೆದವು. ಐದನೆಯ ವಾರ ಅವನ ಅಳಿಯನನ್ನು ಕರೆಸಿ, ಕುರಿ ನೋಡಿಕೊಳ್ಳಲು ಒಪ್ಪಿಸಿದೆ. ಒಂದು ತೋಳಿನ ಡ್ರೈವರನಿಗೆ ಹೇಳಿ ಬುಧವಾರ ಬೆಳಗಿನ ಬಸ್ಸಿನಲ್ಲಿ ಮುದುಕನಿಗೆ ಕಿಟಕಿ ಪಕ್ಕದ ಸೀಟು ಹಿಡಿಸಿದೆ. ಇಷ್ಟು ಉಪಚಾರ ನಾನು ನನ್ನ ಮಾವನಿಗೂ ಮಾಡಿದವನಲ್ಲ.

ಬುಧವಾರ ಮುದುಕ ಬರಲಿಲ್ಲ. ಗುರುವಾರ ಸಂಜೆ ಮಾನ್ವಿಯಿಂದ ಮರಳಿ ಕೇಳಿದರೆ ಆಗಲೂ ಬಂದಿರಲಿಲ್ಲ. ಸಿಟ್ಟು ಹೋಗಿ ಚಿಂತೆ ಹತ್ತಿತು. ಶುಕ್ರವಾರ ಮಧ್ಯಾಹ್ನ, ಬೇಸಿಗೆಯ ಸುಡುಬಿಸಿಲಿನಲ್ಲಿ ಧೂಳು ಮೆತ್ತಿಕೊಂಡ ಕಾಲಿನಿಂದ ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತ. ಮುಖ ಕೆಂಡದ ಹಾಗಾಗಿತ್ತು, ತುಟಿ ಒಡೆದಿತ್ತು. ನೀರು ಕುಡಿಸಿ, ತಂಪಾದ ಮೇಲೆ ಹುಣ್ಣು ಕೊಯ್ದು ತೆಗೆದೆ. ಪರೀಕ್ಷೆಯ ವರದಿ ಆಮೇಲೆ ಬಂತು. ನನ್ನ ಹೆದರಿಕೆ ಸುಳ್ಳಾಗಿರಲಿಲ್ಲ, ಆದರೆ ಕೈಮೀರುವ ಮೊದಲೇ ತೆಗೆದಿದ್ದೆವು. ಮುದುಕ ಮುಂದೆ ಎಷ್ಟೋ ವರ್ಷ ಕುರಿ ಕಾಯ್ದ.

ಆ ದಿನ ಪಟ್ಟಿ ಕಟ್ಟುತ್ತ ತಡೆಯಲಾರದೆ ಕೇಳಿದೆ: "ಬಸ್ಸಿನ್ಯಾಗ ಸೀಟ್ ಹಿಡಿಸಿದ್ದೆ. ದೇವದುರ್ಗದಿಂದ ಎರಡು ದಿನ ಬಿಸಿಲಾಗ ಯಾಕ ನಡಕೊಂಡು ಬಂದಿ?"

ಮುದುಕ ನನ್ನನ್ನು ಮರುಕದಿಂದ ನೋಡಿದ.

"ಕಿಟಕಿ ಸೀಟ್ ಹಿಡಿಸಿದ್ರಿ, ಸಾಹೇಬ್ರ. ಕಿಟಕ್ಯಾಗ ಬರೋ ಬಿಸಿಲು ಭಾಳ ಕೆಟ್ಟದ್ದಂತ ಅವತ್ತು ನೀವ ಹೇಳಿದ್ರಿ. ಬಯಲಿನ ಬಿಸಿಲು ನಮಗ ನಮ್ಮಪ್ಪನ ಕಾಲದಿಂದ ರೂಢಿ ಅದ. ಅದಕ್ಕ ಬಸ್ಸು ಬಿಟ್ಟೆ."